ಜಾಡಿಗಳ ನಡುವಿನ ರಟ್ಟು

‘ಗುರುಗಳೇ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಅದು ನಿಜವೇ?’

ಕೇಳಿದವನು ದೇಜಪ್ಪ. ಅವನು ಗೃಹಸ್ಥ, ಪೇಟೆಯಲ್ಲಿ ಅವನದೊಂದು ಪಾತ್ರೆ ಅಂಗಡಿ. ಗುರುವಾರಕ್ಕೊಮ್ಮೆ ಹೊಳೆ ದಾಟಿ ಆಶ್ರಮಕ್ಕೆ ಬಂದು, ಒಂದು ಗಂಟೆ ಕೂತು ಹೋಗುವುದು ಅವನ ರೂಢಿ. ಅವತ್ತು ಗುರುವಾರವಾಗಿರಲಿಲ್ಲ.

‘ಯಾರ ಗುಣ?’ ಎಂದು ಗುರುಗಳು ಕೇಳಿದರು.

‘ನನ್ನ ತಾಯಿಯದು. ನನ್ನ ಹೆಂಡತಿಯದು. ಇಬ್ಬರೂ ಕೆಟ್ಟವರಲ್ಲ. ಆದರೆ ಬೆಳಗಾದರೆ ಶುರು. ಗಂಜಿಗೆ ಉಪ್ಪು ಹಾಕಿದ್ದು ಯಾರು, ಹಾಲು ಉಕ್ಕಿಸಿದ್ದು ಯಾರು. ಆರು ವರ್ಷ ಕೇಳಿದೆ. ಅದು ಅವರ ಹುಟ್ಟುಗುಣ, ಬದಲಾಗುವುದಿಲ್ಲ. ನಾಳೆ ಹೆಂಡತಿಯನ್ನು ತವರಿಗೆ ಬಿಟ್ಟು ಬರುತ್ತೇನೆ. ಮಗು ನಮ್ಮಲ್ಲೇ ಇರಲಿ. ಅವಳಿಗೂ ಅದೇ ಒಳ್ಳೆಯದು. ನಿಮ್ಮ ಒಪ್ಪಿಗೆ ಕೇಳಲು ಬಂದೆ.’

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕತೆ ಹೇಳಿದರು.

ಒಂದು ಬಂದರಿನ ಪೇಟೆಯಲ್ಲಿ ಒಬ್ಬ ಮೀನು ಸಾಕುವವನಿದ್ದ. ತಿನ್ನುವ ಮೀನಲ್ಲ, ನೋಡುವ ಮೀನು. ಅದರಲ್ಲೂ ಒಂದೇ ಜಾತಿ, ಸಯಾಮ್ ದೇಶದ ಕಾಳಗದ ಮೀನು. ಹಡಗಿನವನೊಬ್ಬ ಅವನ ತಂದೆಗೆ ಒಂದು ಜೋಡಿ ಕೊಟ್ಟಿದ್ದ. ತಂದೆ ಅದನ್ನು ನೂರು ಮಾಡಿದ. ಮಗ ಅದನ್ನೇ ಕಸುಬು ಮಾಡಿಕೊಂಡ.

ಆ ಮೀನು ಕಿರುಬೆರಳಿನಷ್ಟು ಉದ್ದ. ಗಂಡಿಗೆ ರೇಷ್ಮೆಯ ಸೆರಗಿನಂಥ ಈಜುರೆಕ್ಕೆ. ಇನ್ನೊಂದು ಗಂಡು ಕಣ್ಣಿಗೆ ಬಿತ್ತೆಂದರೆ ಅದು ರೆಕ್ಕೆ ಬಿಚ್ಚುತ್ತದೆ, ಕಿವಿರು ಅರಳಿಸುತ್ತದೆ, ಮೇಲೆ ಬೀಳುತ್ತದೆ. ಒಂದೇ ಜಾಡಿಯಲ್ಲಿ ಎರಡು ಗಂಡು ಬಿಟ್ಟರೆ ಒಂದು ಉಳಿಯುತ್ತದೆ. ಅದೂ ಬಹಳ ದಿನ ಉಳಿಯುವುದಿಲ್ಲ. ಬೇರೆ ಬೇರೆ ಜಾಡಿಯಲ್ಲಿಟ್ಟರೂ ಗಾಜಿನಾಚೆಗೆ ಒಂದನ್ನೊಂದು ಕಂಡು, ಗಾಜಿಗೆ ಮೂತಿ ಬಡಿದು ಬಡಿದು ಸೊರಗುತ್ತವೆ. ಆದ್ದರಿಂದ ಎರಡು ಜಾಡಿಗಳ ನಡುವೆ ಒಂದು ರಟ್ಟು ನಿಲ್ಲಿಸಬೇಕು. ಕಾಣದಿದ್ದರೆ ಕಾಳಗವಿಲ್ಲ. ತಂದೆ ಮಗನಿಗೆ ಕಲಿಸಿದ ಮೊದಲ ಪಾಠ ಅದು.

ಜಾಡಿ ದೊಡ್ಡದಿರಬೇಕೆಂದೂ ಇಲ್ಲ. ಬೇರೆ ಮೀನಿಗೆ ನೀರೊಳಗಿನ ಉಸಿರೇ ಗತಿ. ಇದು ಹಾಗಲ್ಲ. ಆಗಾಗ ಮೇಲೆ ಬಂದು, ನಮ್ಮ ಹಾಗೆ ಗಾಳಿಯನ್ನೇ ಗುಟುಕರಿಸಿ ಇಳಿಯುತ್ತದೆ. ಬೇರೆ ಮೀನು ಒಂದು ದಿನದಲ್ಲಿ ಸಾಯುವಷ್ಟು ಸ್ವಲ್ಪ ನೀರಿನಲ್ಲಿ ಇದು ಎರಡು ವರ್ಷ ಬದುಕುತ್ತದೆ. ಬದುಕುತ್ತದೆ, ಆದ್ದರಿಂದ ಅದಕ್ಕೆ ಅಷ್ಟು ಸಾಕು ಎಂದು ತಂದೆ ತೀರ್ಮಾನಿಸಿದ್ದ. ಮಗನಿಗೆ ಅದನ್ನು ಮತ್ತೆ ಯೋಚಿಸುವ ಕಾರಣ ಕಾಣಲಿಲ್ಲ.

ಮರಿ ಮಾಡಿಸುವುದು ಇದಕ್ಕಿಂತ ನಾಜೂಕಿನ ಕೆಲಸ. ಅಗಲ ಬಾಯಿಯ ಜಾಡಿಯಲ್ಲಿ ಗಂಡನ್ನು ಬಿಟ್ಟು, ನಡುವೆ ದೀಪದ ಗಾಜಿನ ಚಿಮಣಿ ನಿಲ್ಲಿಸಿ, ಅದರೊಳಗೆ ಹೆಣ್ಣನ್ನು ಇಡುತ್ತಿದ್ದ. ಗಂಡು ಅವಳನ್ನು ನೋಡುತ್ತ ನೋಡುತ್ತ ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟುತ್ತದೆ. ಬಾಯಿತುಂಬ ಗಾಳಿ ತಂದು, ಜೊಲ್ಲಿನಲ್ಲಿ ಸುತ್ತಿ, ಒಂದೊಂದಾಗಿ ಪೋಣಿಸುತ್ತದೆ. ಗೂಡು ಆದ ಮೇಲೆ ಚಿಮಣಿ ಎತ್ತಬೇಕು. ಗಂಡು ಹೆಣ್ಣನ್ನು ಬಳಸಿ ಅಪ್ಪಿಕೊಳ್ಳುತ್ತದೆ. ಮೊಟ್ಟೆಗಳು ಸಾಸಿವೆಗಿಂತ ಸಣ್ಣವು, ಉದುರಿ ತಳಕ್ಕೆ ಇಳಿಯುತ್ತವೆ. ಗಂಡು ಹಿಂದೆಯೇ ಧಾವಿಸಿ, ಬಾಯಲ್ಲಿ ಹಿಡಿದು, ಮೇಲೆ ತಂದು ಗೂಡಿನಲ್ಲಿ ಇಡುತ್ತದೆ.

ಅಲ್ಲಿಗೆ ಅಪ್ಪುಗೆ ಮುಗಿಯಿತು. ಮರುಕ್ಷಣ ಗಂಡು ಹೆಣ್ಣಿನ ಮೇಲೆ ತಿರುಗುತ್ತದೆ. ಹಸಿದ ಹೆಣ್ಣು ಮೊಟ್ಟೆ ತಿಂದೀತೆಂಬ ಭಯವೋ ಏನೋ, ರೆಕ್ಕೆ ಹರಿಯುತ್ತದೆ, ಮೈ ಕಚ್ಚುತ್ತದೆ. ಹೆಣ್ಣು ಓಡುತ್ತದೆ. ಜಾಡಿ ದುಂಡಗಿದೆ, ಎಷ್ಟು ಓಡಿದರೂ ಮತ್ತೆ ಗೂಡಿನ ಕೆಳಗೇ ಬರುತ್ತದೆ. ತಕ್ಷಣ ಹೆಣ್ಣನ್ನು ತೆಗೆಯದಿದ್ದರೆ ಸಂಜೆಯೊಳಗೆ ಹೆಣ. ಅವನು ತಕ್ಷಣ ತೆಗೆಯುತ್ತಿದ್ದ. ಅವನ ಕೈಯಲ್ಲಿ ಒಂದು ಹೆಣ್ಣೂ ಸತ್ತದ್ದಿಲ್ಲ. ಅದು ಅವನ ಹೆಮ್ಮೆ.

ಆಮೇಲಿನದನ್ನು ನೋಡಲು ಅವನಿಗೆ ಬಹಳ ಇಷ್ಟ. ಗಂಡು ಒಂಟಿಯಾಗಿ ಗೂಡು ಕಾಯುತ್ತದೆ. ಉಣ್ಣುವುದಿಲ್ಲ. ಒಡೆದ ಗುಳ್ಳೆಗೆ ಹೊಸ ಗುಳ್ಳೆ ಸೇರಿಸುತ್ತದೆ. ಮೊಟ್ಟೆಯೊಡೆದ ಮರಿ ಜಾರಿ ಬಿದ್ದರೆ ಬಾಯಲ್ಲಿ ಎತ್ತಿ ತಂದು ಮತ್ತೆ ತೂಗಹಾಕುತ್ತದೆ. ‘ಇಷ್ಟು ಮಾಡುವ ತಂದೆಗಳು ನಮ್ಮ ಬೀದಿಯಲ್ಲಿ ಎಷ್ಟು ಮಂದಿ ಇದ್ದಾರೆ?’ ಎಂದು ಅವನು ಕೊಳ್ಳಲು ಬಂದವರನ್ನು ಕೇಳುತ್ತಿದ್ದ. ಮರಿಗಳು ಸ್ವಂತ ಈಜುವುದಕ್ಕೆ ಶುರುಮಾಡಿದ ದಿನ ತಂದೆ ಮೀನನ್ನೂ ತೆಗೆದುಬಿಡಬೇಕು. ಇಲ್ಲದಿದ್ದರೆ ಕಾಯ್ದ ಬಾಯೇ ನುಂಗುತ್ತದೆ. ಅದು ಕೊನೆಯ ಕಟ್ಟಳೆ. ಅದನ್ನೂ ಅವನು ತಪ್ಪದೆ ಪಾಲಿಸುತ್ತಿದ್ದ.

ಅಚ್ಚುಕಟ್ಟು ಒಳ್ಳೆಯ ಗುಣ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಚ್ಚುಕಟ್ಟಿನ ಮನುಷ್ಯನಿಗೆ ಒಂದು ಅಪಾಯವಿದೆ. ಒಂದು ಕಡೆ ಸರಿಹೋದ ಕಟ್ಟಳೆ ಎಲ್ಲ ಕಡೆಗೂ ಸರಿ ಎಂದು ಅವನು ನಂಬುತ್ತಾನೆ.

ಅವನಿಗೆ ಮದುವೆಯಾಯಿತು. ಹೊಳೆಯ ಮೇಲ್ದಂಡೆಯ ಹಳ್ಳಿಯ ಹುಡುಗಿ. ಮಾತು ಸ್ವಲ್ಪ ಹೆಚ್ಚು, ನಗು ಅದಕ್ಕಿಂತ ಹೆಚ್ಚು. ಅವನ ಮನೆ ಎಂದರೆ ಒಂದು ಜಗಲಿ, ಒಂದು ಕೋಣೆ. ಕೋಣೆಯ ಮೂರು ಗೋಡೆಗೂ ಕಪಾಟು, ನಡುವೆಯೂ ಎರಡು ಕಪಾಟು. ಎಲ್ಲದರ ಮೇಲೂ ಜಾಡಿ, ಜಾಡಿಗಳ ನಡುವೆ ರಟ್ಟು. ಕಪಾಟುಗಳ ನಡುವಿನ ದಾರಿಯಲ್ಲಿ ಒಬ್ಬರು ನಡೆಯಬಹುದು. ಇಬ್ಬರು ಎದುರಾದರೆ ಒಬ್ಬರು ಹಿಂದೆ ಹೋಗಬೇಕು.

ಮೊದಲ ತಿಂಗಳು ಅವಳು ನಗುತ್ತ ಹಿಂದೆ ಹೋದಳು. ‘ನಿಮ್ಮ ಮನೆಯಲ್ಲಿ ನಾನು ಏಡಿಯ ಹಾಗೆ ಅಡ್ಡಡ್ಡ ನಡೆಯುವುದು ಕಲಿತೆ’ ಎಂದಳು. ಅವನೂ ನಕ್ಕ. ವರ್ಷ ತಿರುಗುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತು. ತೊಟ್ಟಿಲು ಬಂತು. ಆಮೇಲೆ ನಗು ಕಡಿಮೆಯಾಯಿತು.

‘ಈ ನಡುವಿನ ಒಂದು ಕಪಾಟು ತೆಗೆದರೆ ಆಗುವುದಿಲ್ಲವೇ?’ ಎಂದು ಅವಳು ಕೇಳಿದಳು.

‘ಅದರಲ್ಲಿ ಮರಿಗಳಿವೆ.’

‘ತೊಟ್ಟಿಲಲ್ಲಿಯೂ ಮರಿ ಇದೆ. ಹಿತ್ತಿಲಲ್ಲಿ ಸೋಗೆಯ ಒಂದು ಮಾಡು ಇಳಿಸಿ. ಜಾಡಿಗಳನ್ನು ಅಲ್ಲಿಗೆ ಸಾಗಿಸಿ.’

‘ಹಿತ್ತಿಲಲ್ಲಿ ತಣ್ಣನೆ ಗಾಳಿ. ಮೇಲೆ ಬಂದು ಉಸಿರೆಳೆಯುವುದನ್ನು ಕಲಿಯುವ ಕಾಲ ಅವಕ್ಕೆ. ತಣ್ಣಗಿನ ಗಾಳಿ ಕುಡಿದರೆ ಸಾಯುತ್ತವೆ.’

‘ನನ್ನ ಉಸಿರಿನ ವಿಷಯ ಯಾವಾಗ ನೋಡುತ್ತೀರಿ?’

ಅವನು ಇದನ್ನು ಕೊಂಕು ಎಂದುಕೊಂಡ. ಕೊಂಕಿಗೆ ಕೊಂಕು ಸೇರಿತು. ನೀರಿನ ಬಿಂದಿಗೆ ಇಡುವ ಜಾಗಕ್ಕೆ ಜಗಳ, ಚಾಪೆ ಹಾಸುವ ಜಾಗಕ್ಕೆ ಜಗಳ, ಮಗುವಿನ ಬಟ್ಟೆ ಒಣಹಾಕುವ ಹಗ್ಗಕ್ಕೆ ಜಗಳ. ಬೀದಿಯವರು ಕಿವಿ ಮುಚ್ಚಿಕೊಂಡರು. ಎರಡೂ ಕೆಂಡ ಎಂದರು.

ಒಂದು ದಿನ ಅವನು ಕೆರೆಗೆ ಸೊಳ್ಳೆಮರಿ ಹಿಡಿಯಲು ಹೋಗಿದ್ದ. ಮೀನುಗಳಿಗೆ ಅದೇ ಆಹಾರ. ಮಧ್ಯಾಹ್ನ ಮರಳಿ ಬಂದಾಗ ಮೇಲಿನ ಕಪಾಟಿನಲ್ಲಿ ಒಂದು ರಟ್ಟು ಜಾರಿ ಬಿದ್ದಿತ್ತು. ಅವನ ಅತ್ಯುತ್ತಮ ಗಂಡುಗಳೆರಡು ಬೆಳಗಿನಿಂದ ಒಂದನ್ನೊಂದು ನೋಡಿ, ಗಾಜಿಗೆ ಬಡಿದು, ಬಣ್ಣ ಕಳೆದುಕೊಂಡು ಬಿದ್ದಿದ್ದವು. ಒಂದು ಆಗಲೇ ಅಂಗಾತವಾಗಿತ್ತು.

‘ಮಗುವನ್ನು ಎತ್ತಿಕೊಂಡು ತಿರುಗಿದೆ. ಮೊಣಕೈ ತಾಗಿತು. ನೋಡಲಿಲ್ಲ’ ಎಂದಳು ಅವಳು.

‘ನೋಡಬೇಕಿತ್ತು.’

‘ತಿರುಗಲಿಕ್ಕೆ ಜಾಗ ಎಲ್ಲಿದೆ ಈ ಮನೆಯಲ್ಲಿ?’

ಅವನು ಕೂಗಿದ. ಅವಳೂ ಕೂಗಿದಳು. ಮಗು ಇಬ್ಬರಿಗಿಂತ ಜೋರಾಗಿ ಕೂಗಿತು. ಅವನು ಹೊರಗೆ ಬಂದು ಜಗಲಿಯಲ್ಲಿ ಕೂತ. ಕೂತು ಯೋಚಿಸಿದಾಗ ಎಲ್ಲವೂ ಸ್ಪಷ್ಟವಾಯಿತು. ಇಷ್ಟು ದಿನ ತನಗೆ ಹೊಳೆಯಲಿಲ್ಲವಲ್ಲ ಎಂದು ಆಶ್ಚರ್ಯವೂ ಆಯಿತು. ಮೊಟ್ಟೆ ಇಟ್ಟಾಗಿದೆ. ಇನ್ನು ಇಬ್ಬರೂ ಒಂದು ಜಾಡಿಯಲ್ಲಿ ಇರಬಾರದು. ಇದು ಯಾರ ತಪ್ಪೂ ಅಲ್ಲ, ಸ್ವಭಾವ. ಹೆಣ್ಣನ್ನು ತೆಗೆಯಬೇಕು, ತೆಗೆಯುವುದು ಅವಳು ಬದುಕಲಿ ಎಂದೇ. ಮರಿಯನ್ನು ತಂದೆ ನೋಡಿಕೊಳ್ಳುತ್ತಾನೆ.

ಅವಳ ಅಣ್ಣನಿಗೆ ಹೇಳಿ ಕಳಿಸಿದ. ಅಣ್ಣ ದೋಣಿ ತಂದ. ಗಂಡನೇ ಅವಳ ಸೀರೆಗಳನ್ನು ಮಡಚಿ, ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಇಟ್ಟ. ಮಗು ತೊಟ್ಟಿಲಲ್ಲಿ ನಿದ್ರೆಯಲ್ಲಿತ್ತು.

‘ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಮೀನಿನಲ್ಲಿಯೂ ಹಾಗೆಯೇ...’ ಎಂದು ಶುರುಮಾಡಿದ.

ಅವಳು ಅವನನ್ನು ನೋಡಿದಳು. ‘ನಾನು ಮೊಟ್ಟೆ ತಿನ್ನುವವಳೇ?’ ಎಂದು ಕೇಳಿದಳು.

ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ. ದೋಣಿಯನ್ನು ನಿಲ್ಲಿಸಲಿಲ್ಲ.

ಇಲ್ಲಿ ದೇಜಪ್ಪ ಬಾಯಿ ಹಾಕಿದ. ‘ಗುರುಗಳೇ, ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಆ ಮೀನಿನ ಸ್ವಭಾವವೇ ಹಾಗಲ್ಲವೇ?’

‘ಕತೆ ಮುಗಿದಿಲ್ಲ’ ಎಂದರು ಗುರುಗಳು.

ಆರು ತಿಂಗಳು ಕಳೆದ ಮೇಲೆ ಅವಳು ಮಗುವನ್ನು ನೋಡಲು ಬಂದಳು. ಅಕ್ಕಿಯ ಉಂಡೆ ತಂದಿದ್ದಳು. ಮಗು ಮೊದಲು ಹೆದರಿತು, ಆಮೇಲೆ ಹತ್ತಿರ ಹೋಯಿತು, ಆಮೇಲೆ ಅವಳ ಮಡಿಲಿನಿಂದ ಇಳಿಯಲಿಲ್ಲ. ಅವಳು ಹೊರಟಾಗ ಸೆರಗು ಹಿಡಿದುಕೊಂಡಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವಳು ಹೋದ ಮೇಲೆ ಮೂರು ದಿನ ಅತ್ತಿತು, ಉಣ್ಣಲಿಲ್ಲ, ಜ್ವರ ಬಂತು.

ತಂದೆ ತಲೆಗೆ ಒದ್ದೆ ಬಟ್ಟೆ ಹಾಕುತ್ತ ಕೂತು ಯೋಚಿಸಿದ. ಇದೂ ಅವನಿಗೆ ಗೊತ್ತಿದ್ದ ಸಂಗತಿಯೇ. ರಟ್ಟು ಎತ್ತಿದರೆ ಸಂಕಟ. ಕಾಣದಿದ್ದರೆ ಶಾಂತಿ. ಇನ್ನು ಬರುವುದು ಬೇಡ ಎಂದು ಅಣ್ಣನ ಕೈಯಲ್ಲಿ ಹೇಳಿ ಕಳಿಸಿದ.

ಅವಳು ಬರಲಿಲ್ಲ. ವರ್ಷಕ್ಕೊಂದು ಲಂಗ ಹೊಲಿದು ಕಳಿಸಿದಳು. ಅಳತೆ ತಿಳಿಯದೆ ಊಹೆಯಿಂದ ಹೊಲಿದದ್ದು. ಒಂದು ವರ್ಷ ಎರಡು ಬೆರಳು ಗಿಡ್ಡ, ಇನ್ನೊಂದು ವರ್ಷ ಗೇಣುದ್ದ ಹೆಚ್ಚು. ಅವನು ಅದನ್ನು ದರ್ಜಿಯ ಹತ್ತಿರ ಸರಿಮಾಡಿಸಿ, ಅಂಗಡಿಯಿಂದ ತಂದದ್ದೆಂದು ಮಗಳಿಗೆ ಕೊಡುತ್ತಿದ್ದ. ಸುಳ್ಳು ಹೇಳುವುದು ಅವನ ಅಭ್ಯಾಸವಲ್ಲ. ಇದು ರಟ್ಟಿನ ಲೆಕ್ಕ ಎಂದುಕೊಂಡ. ಮಗಳಿಗೆ ಹತ್ತು ತುಂಬಿದ ವರ್ಷದಿಂದ ಲಂಗ ಬರುವುದು ನಿಂತಿತು.

ತಂದೆಯಾಗಿ ಅವನಲ್ಲಿ ಕುಂದು ಹುಡುಕಲಾಗದು. ಮಗಳ ಜಡೆ ಹಾಕಲು ಕಲಿತ. ಅವಳು ಉಂಡ ಮೇಲೆ ಉಂಡ. ಶಾಲೆಯ ಬಾಗಿಲಲ್ಲಿ ಕೊಡೆ ಹಿಡಿದು ನಿಂತ. ಮಗಳು ಅಮ್ಮನ ಬಗ್ಗೆ ಕೇಳಲಿಲ್ಲ. ಕೇಳದೆ ಇದ್ದುದನ್ನು ಅವನು ನೆಮ್ಮದಿ ಎಂದುಕೊಂಡ. ಕೆಲವೊಮ್ಮೆ ಅವಳು ಜಗಲಿಯಲ್ಲಿ ಕೂತು ಹೊಳೆಯ ಕಡೆ ನೋಡುತ್ತಿದ್ದಳು. ದೋಣಿ ನೋಡುತ್ತಾಳೆ, ಮಕ್ಕಳಿಗೆ ದೋಣಿ ಎಂದರೆ ಇಷ್ಟ ಎಂದುಕೊಂಡ.

ಹೀಗೆ ಹದಿನಾರು ವರ್ಷ ಹೋಯಿತು.

ಆ ಪೇಟೆಯಲ್ಲಿ ಒಬ್ಬ ಗೋಡಂಬಿ ವ್ಯಾಪಾರಿ ಹೊಸ ಮನೆ ಕಟ್ಟಿಸಿ, ಅಂಗಳದಲ್ಲಿ ತಾವರೆಗೊಂದು ಕೊಳ ತೋಡಿಸಿದ. ಕೊಳದಲ್ಲಿ ತಾವರೆಗಿಂತ ಮೊದಲು ಸೊಳ್ಳೆ ಹುಟ್ಟಿತು. ಸೊಳ್ಳೆಮರಿ ತಿನ್ನುವ ಮೀನು ಬೇಕೆಂದು ಇವನಲ್ಲಿಗೆ ಬಂದ. ‘ಒಂದು ಗಂಡು, ಒಂದು ಹೆಣ್ಣು ಕೊಡಿ. ಮರಿಯಾಗಲಿ’ ಎಂದ.

‘ಒಂದು ಗಂಡು ಕೊಡುತ್ತೇನೆ. ಅಥವಾ ಒಂದು ಹೆಣ್ಣು. ಎರಡನ್ನೂ ಒಟ್ಟಿಗೆ ಬಿಡುವ ಹಾಗಿಲ್ಲ. ಮೊಟ್ಟೆಯಾದ ದಿನವೇ ಗಂಡು ಹೆಣ್ಣನ್ನು ಕೊಲ್ಲುತ್ತದೆ.’

‘ಕೊಂದರೆ ನನ್ನ ಮೀನು ಸಾಯುತ್ತದೆ, ನಿಮ್ಮದಲ್ಲವಲ್ಲ.’

‘ನನ್ನ ಕೈಯಿಂದ ಹೋದ ಹೆಣ್ಣು ಒಂದೂ ಸತ್ತಿಲ್ಲ’ ಎಂದ ಅವನು.

ವ್ಯಾಪಾರಿ ಕೇಳಲಿಲ್ಲ. ದುಡ್ಡು ಎಣಿಸಿಟ್ಟು ಎರಡನ್ನೂ ಒಯ್ದು, ಎರಡನ್ನೂ ಕೊಳಕ್ಕೆ ಬಿಟ್ಟ. ಇವನಿಗೆ ಮನಸ್ಸು ತಡೆಯಲಿಲ್ಲ. ಆರನೆಯ ದಿನ ಒಂದು ಸಣ್ಣ ಬಲೆ, ಸತ್ತದ್ದನ್ನು ಸುತ್ತಲು ಒಂದು ಬಾಳೆಲೆ ತೆಗೆದುಕೊಂಡು ಹೊರಟ. ಹೆಣವನ್ನು ಎತ್ತಿ ವ್ಯಾಪಾರಿಗೆ ತೋರಿಸಬೇಕು, ಕಟ್ಟಳೆ ಎಂದರೆ ಏನೆಂದು ತಿಳಿಯಲಿ ಎಂಬುದು ಅವನ ಉದ್ದೇಶ.

ಕೊಳದ ಬದಿಯಲ್ಲಿ ಒಬ್ಬ ಮುದುಕಿ ಹುಲ್ಲು ಕೀಳುತ್ತಿದ್ದಳು. ತೋಟ ನೋಡಿಕೊಳ್ಳುವವಳು.

‘ಎಂತ ಮಾರಾಯರೇ, ಬಲೆ ತಂದದ್ದು?’

‘ಹೆಣ್ಣು ಮೀನು ಸತ್ತಿರುತ್ತದೆ. ತೆಗೆಯಲು ಬಂದೆ.’

‘ಸತ್ತದ್ದಾ? ನಿಮಗೆ ಯಾರು ಹೇಳಿದ್ದು? ಅಗೊ ಅಲ್ಲಿ ಗಂಡ, ಇಗೊ ಇಲ್ಲಿ ಹೆಂಡತಿ. ಇಬ್ಬರೂ ಗಟ್ಟಿಯಾಗಿದ್ದಾರೆ.’

ಅವನು ಬಗ್ಗಿ ನೋಡಿದ. ತಾವರೆ ಎಲೆಯ ಅಂಚಿನ ಕೆಳಗೆ ಗುಳ್ಳೆಯ ಗೂಡು. ಗೂಡಿನ ತುಂಬ ಮೊಟ್ಟೆ. ಕೆಳಗೆ ಗಂಡು ಕಾವಲು. ಅಲ್ಲಿಂದ ನಾಲ್ಕು ಮಾರು ದೂರದಲ್ಲಿ, ಪಾಚಿಯ ಮರೆಯಲ್ಲಿ, ಹೆಣ್ಣು ಸೊಳ್ಳೆಮರಿ ಹೆಕ್ಕುತ್ತಿತ್ತು. ರೆಕ್ಕೆಯ ಒಂದು ತುದಿ ಹರಿದಿತ್ತು. ಬೇರೆ ಗಾಯವಿಲ್ಲ.

ಬಲೆಯನ್ನು ಪಕ್ಕಕ್ಕಿಟ್ಟು ಅವನು ಅಲ್ಲಿಯೇ ಕೂತ. ಬಿಸಿಲು ನೆತ್ತಿಗೆ ಬರುವ ತನಕ ಕೂತಿದ್ದ. ಒಮ್ಮೆ ಹೆಣ್ಣು ತಿನ್ನುತ್ತ ತಿನ್ನುತ್ತ ಗೂಡಿನ ಹತ್ತಿರಕ್ಕೆ ಹೋಯಿತು. ಗಂಡು ಕಿವಿರು ಅರಳಿಸಿ ನುಗ್ಗಿತು. ಅವನು ತನಗರಿವಿಲ್ಲದೆ ಬಲೆಗೆ ಕೈ ಹಾಕಿದ. ಹೆಣ್ಣು ಬಾಲ ಬೀಸಿ ಒಂದು ತಾವರೆ ದಂಟಿನ ಹಿಂದಕ್ಕೆ ಹೋಯಿತು. ಗಂಡು ಒಂದು ಗೇಣು ಅಟ್ಟಿತು, ನಿಂತಿತು, ಮರಳಿ ಗೂಡಿಗೆ ಬಂದಿತು. ಅಷ್ಟೇ ಜಗಳ.

‘ಯಾವಾಗಲೂ ಹೀಗೆಯೇ?’ ಎಂದು ಅವನು ಮುದುಕಿಯನ್ನು ಕೇಳಿದ.

‘ದಿನಕ್ಕೆ ಹತ್ತು ಸಲ. ಅದು ಬೈಯುತ್ತದೆ, ಇದು ಆಚೆ ಹೋಗುತ್ತದೆ. ನಮ್ಮ ಮನೆಯಲ್ಲಿಯೂ ಅದೇ ಕತೆ. ನಮ್ಮವರು ಬೊಬ್ಬೆ ಹಾಕಿದರೆ ನಾನು ಹಿತ್ತಿಲಿಗೆ ಹೋಗಿ ಸೊಪ್ಪು ಕೊಯ್ಯುವುದು. ಬರುವಾಗ ಅವರಿಗೂ ಮರೆತಿರುತ್ತದೆ, ನನಗೂ ಮರೆತಿರುತ್ತದೆ. ಐವತ್ತು ವರ್ಷ ಆಯಿತು. ಸೊಪ್ಪು ಮಾತ್ರ ತುಂಬ ತಿಂದಿದ್ದೇವೆ.’ ಮುದುಕಿ ನಕ್ಕಳು. ಅವನು ನಗಲಿಲ್ಲ. ಅವಳು ಅವನ ಮುಖ ನೋಡಿ, ‘ನಿಮ್ಮದೆಂತ, ಬಿಸಿಲು ತಾಗಿತಾ?’ ಎಂದಳು.

ಅವನು ಮನೆಗೆ ಬಂದ. ಮಗಳು ಕಪಾಟಿನ ಸಾಲಿನಲ್ಲಿ ಜಾಡಿ ಒರೆಸುತ್ತಿದ್ದಳು. ಅವನು ಎದುರಾದ. ಅವಳು ಯೋಚಿಸದೆ, ತಲೆ ಎತ್ತದೆ, ಹಿಂದಕ್ಕೆ ಸರಿದು ದಾರಿ ಬಿಟ್ಟಳು. ನಡೆಯಲು ಕಲಿತ ದಿನದಿಂದ ಅವಳು ಹಾಗೆ ಸರಿಯುತ್ತಿದ್ದಳು. ಅವನು ಮೊದಲ ಬಾರಿ ನೋಡಿದ.

ಅಲ್ಲಿಯೇ ನಿಂತು ಹಳೆಯ ಜಗಳಗಳನ್ನು ಒಂದೊಂದಾಗಿ ನೆನಪಿಸಿಕೊಂಡ. ಬಿಂದಿಗೆಯದು. ಚಾಪೆಯದು. ಹಗ್ಗದ್ದು. ಯಾವುದರಲ್ಲೂ ಹೆಂಡತಿಯ ಸಿಟ್ಟಿನ ಮೂಲ ಅವಳಲ್ಲಿ ಸಿಗಲಿಲ್ಲ. ತನ್ನ ಸಿಟ್ಟಿನ ಮೂಲವೂ ತನ್ನಲ್ಲಿ ಸಿಗಲಿಲ್ಲ. ತಂದೆಯ ಕಾಲದಿಂದ ಮೀನಿನ ಸ್ವಭಾವವೆಂದು ಅವನು ಬಲ್ಲದ್ದೆಲ್ಲ ಜಾಡಿಯೊಳಗೆ ಕಂಡದ್ದು. ಜಾಡಿಯ ಹೊರಗೆ ಅವನು ಆ ಮೀನನ್ನು ಅದುವರೆಗೆ ಒಂದು ದಿನವೂ ನೋಡಿರಲಿಲ್ಲ.

ಒಂದು ತಿಂಗಳಲ್ಲಿ ಅವನು ಎಲ್ಲ ಮೀನುಗಳನ್ನೂ ಬೇಕೆಂದವರಿಗೆ ಕೊಟ್ಟುಬಿಟ್ಟ. ಕಪಾಟುಗಳನ್ನು ಕಳಚಿದ. ಗೋಡೆಗೆ ಸುಣ್ಣ ಬಳಿದ. ಬೀದಿಯವರು ತಲೆ ಕೆಟ್ಟಿತು ಎಂದರು. ಮಗಳು ಏನೂ ಕೇಳಲಿಲ್ಲ. ಕೇಳದೆ ಇರುವುದು ಅವಳಿಗೆ ರೂಢಿಯಾಗಿತ್ತು. ಆಮೇಲೆ ಅವನು ದೋಣಿ ಹತ್ತಿ ಹೊಳೆಯ ಮೇಲ್ದಂಡೆಗೆ ಹೋದ.

ಅವಳು ಅಣ್ಣನ ಮನೆಯಂಗಳದಲ್ಲಿ ಭತ್ತ ಹರಡುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಅವನನ್ನು ಕಂಡು ಎದ್ದು ನಿಂತಳು. ‘ಮಗಳು?’ ಎಂದಳು.

‘ಚೆನ್ನಾಗಿದ್ದಾಳೆ.’

ಅವಳು ಕೂತಳು. ಮತ್ತೆ ಭತ್ತ ಹರಡಿದಳು.

ಅವನು ಕೊಳದ ಸಂಗತಿ ಹೇಳಿದ. ನಿಧಾನವಾಗಿ, ಏನನ್ನೂ ಬಿಡದೆ ಹೇಳಿದ. ಹೆಣ್ಣು ದಂಟಿನ ಹಿಂದಕ್ಕೆ ಹೋದದ್ದನ್ನು ಎರಡು ಸಲ ಹೇಳಿದ. ಅವಳು ಕೊನೆಯ ತನಕ ಕೇಳಿದಳು.

‘ನಾನು ಬಾಯಿಬಿಟ್ಟು ಹೇಳಿದ್ದೆ. ಅದು ತಿಳಿಯಲಿಲ್ಲ ನಿಮಗೆ. ಬಾಯಿಲ್ಲದ ಮೀನು ಹೇಳಿದ್ದು ತಿಳಿಯಿತು’ ಎಂದಳು.

‘ತಪ್ಪಾಯಿತು. ಮನೆಗೆ ಬಾ.’

ಒಂದು ಕೋಳಿ ಭತ್ತಕ್ಕೆ ಬಾಯಿ ಹಾಕಿತು, ಅವಳು ಅದನ್ನು ಓಡಿಸಿದಳು. ‘ಇರಲಿಕ್ಕೆ ಬರುವುದಿಲ್ಲ. ಅಣ್ಣನ ಮಕ್ಕಳು ನನ್ನನ್ನೇ ಅಮ್ಮ ಎನ್ನುತ್ತಾರೆ. ಅವರನ್ನು ಬಿಟ್ಟು ಬರಲಾರೆ. ನೋಡಲಿಕ್ಕೆ ಬರುತ್ತೇನೆ. ಒಂದು ಸಲ.’

ಅಷ್ಟಾದರೂ ಆಗಲಿ ಎಂದು ಅವನು ಮರಳಿದ. ತಾಯಿ ಮಗಳು ಒಮ್ಮೆ ಕಂಡರೆ ಸಾಕು, ಮಿಕ್ಕದ್ದು ತಾನಾಗಿ ಆಗುತ್ತದೆ ಎಂಬ ಆಸೆ ಅವನಿಗೆ. ಮಗಳನ್ನು ಕೂರಿಸಿ ಎಲ್ಲವನ್ನೂ ಹೇಳಿದ. ಲಂಗಗಳ ಮಾತನ್ನೂ ಹೇಳಿದ. ಮಗಳು ತಲೆ ತಗ್ಗಿಸಿ ಕೇಳಿದಳು. ‘ಬರಲಿ’ ಎಂದಳು. ಅಷ್ಟೇ.

ಹೇಳಿದ ದಿನ ಅವಳು ಬಂದಳು. ಜಗಲಿಯ ಮೆಟ್ಟಿಲ ಬಳಿ ಕಾಲು ತೊಳೆದುಕೊಂಡಳು. ಮಗಳು ಹೊರಗೆ ಬಂದು ಬಗ್ಗಿ ಕಾಲು ಮುಟ್ಟಿದಳು. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೊಂಬು ನೀರು ತಂದಿಟ್ಟಳು.

ಆ ಕಡೆ ದೂರದಿಂದ ಬಂದ ಅತಿಥಿಗಳಿಗೆ ಬೆಲ್ಲ ನೀರು ಕೊಡುವುದು ಮರ್ಯಾದೆ. ಮನೆಯವರಿಗೆ ಕೊಡುವುದಿಲ್ಲ.

ತಾಯಿ ತಟ್ಟೆಯನ್ನು ನೋಡಿದಳು. ಬೆಲ್ಲವನ್ನು ಬಾಯಿಗೆ ಹಾಕಿಕೊಂಡಳು. ಚೊಂಬನ್ನು ಎತ್ತಿ ನೀರು ಕುಡಿದಳು. ಸ್ವಲ್ಪ ನೀರು ಸೀರೆಯ ಮೇಲೆ ಚೆಲ್ಲಿತು.

‘ದಾರಿ ದೂರವಾಯಿತೇ?’ ಎಂದು ಮಗಳು ಕೇಳಿದಳು. ತಪ್ಪು ಮಾಡಬಾರದೆಂಬ ಎಚ್ಚರ ಅವಳ ದನಿಯಲ್ಲಿತ್ತು.

‘ಇಲ್ಲಮ್ಮ. ದೋಣಿಯಲ್ಲಿ ಮೂರು ಗಂಟೆ.’

‘ಬಿಸಿಲಿತ್ತು.’

‘ಹೌದು, ಬಿಸಿಲಿತ್ತು.’

ಮೂವರೂ ಕೂತರು. ತಾಯಿಯ ಕಣ್ಣು ಮಗಳ ಭುಜದಿಂದ ಪಾದದ ತನಕ ಇಳಿದು, ಮತ್ತೆ ಮೇಲೆ ಹೋಯಿತು. ಮಗಳು ಸೆರಗು ಸರಿಮಾಡಿಕೊಂಡಳು. ಊಟಕ್ಕೆ ಎದ್ದರು. ಮಗಳು ಚೆನ್ನಾಗಿ ಬಡಿಸಿದಳು. ಇನ್ನೊಂದು ಚೂರು ಅನ್ನ, ಇನ್ನೊಂದು ಚೂರು ಸಾರು ಎಂದು ಉಪಚಾರ ಮಾಡಿದಳು. ತಂದೆ ಅದನ್ನು ನೋಡುತ್ತ, ತಾನು ಬೆಳೆಸಿದ ಮಗಳ ನಡತೆಯಲ್ಲಿ ಒಂದು ಕುಂದನ್ನೂ ಕಾಣದೆ, ಅನ್ನ ಕಲಸಿದ ಕೈಯನ್ನು ಹಾಗೆಯೇ ಬಿಟ್ಟು ಕೂತ.

ಸಂಜೆಯ ದೋಣಿಗೆ ಇನ್ನೂ ಹೊತ್ತಿತ್ತು. ಅವಳು ಮಧ್ಯಾಹ್ನದ ದೋಣಿಗೇ ಹೊರಟಳು. ಹೊರಡುವಾಗ ಬಾಗಿಲಲ್ಲಿ ನಿಂತು ಒಮ್ಮೆ ಹಿಂತಿರುಗಿ ನೋಡಿದಳು. ಸುಣ್ಣ ಬಳಿದ ನಾಲ್ಕು ಗೋಡೆ. ನಡುವೆ ಖಾಲಿ ನೆಲ.

‘ಮನೆ ಇಷ್ಟು ದೊಡ್ಡದಿತ್ತೇ!’ ಎಂದಳು.

ಅದು ಕೊಂಕಲ್ಲ. ಕೊಂಕಾಗಿದ್ದರೆ ಅವನು ಏನಾದರೂ ಹೇಳಬಹುದಿತ್ತು.

ದೋಣಿ ತಿರುವು ದಾಟುವ ತನಕ ತಂದೆ ಮಗಳು ಜಗಲಿಯಲ್ಲಿ ನಿಂತರು. ‘ಅವರು ಮತ್ತೆ ಬರುತ್ತಾರೆಯೇ?’ ಎಂದು ಮಗಳು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಮುಂದೆ ಅವನು ಬದುಕಿದ ಹನ್ನೊಂದು ವರ್ಷದಲ್ಲಿ ಅವಳು ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ದೇಜಪ್ಪ ಕಣ್ಣೊರೆಸಿಕೊಂಡ. ಅವನು ಮೆದು ಹೃದಯದವನು. ‘ಪಾಪ, ಅವನಿಗೆ ತಡವಾಗಿ ತಿಳಿಯಿತು’ ಎಂದ. ಶಾಲನ್ನು ಹೆಗಲಿಗೆ ಎಳೆದುಕೊಂಡ. ‘ಆದರೆ ನನ್ನ ಮನೆಯ ವಿಷಯ ಬೇರೆ, ಗುರುಗಳೇ. ನಮ್ಮದು ಎಂಟು ಕೋಣೆಯ ಮನೆ. ನಡೆದಾಡಲು ಬೇಕಾದಷ್ಟು ಜಾಗವಿದೆ.’

‘ಒಲೆ ಎಷ್ಟಿವೆ?’ ಎಂದು ಗುರುಗಳು ಕೇಳಿದರು.

‘ಒಂದೇ’ ಎಂದು ದೇಜಪ್ಪ ಹೆಗಲಿನ ಶಾಲನ್ನು ಮತ್ತೆ ಮಡಿಲಿಗಿಳಿಸಿದ.